ಮುಚ್ಚಿದ ಕಿಟಕಿ

ಅತ್ತೆ ಹಜಾರದಲ್ಲಿ ನಿಂತು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒತ್ತಿದ್ದೇ ತಡ, ಬಾಗಿಲು ಅವರ ಮೂಗಿನ ಮುಂದೆಯೇ ಧಡಾರನೆ ಮುಚ್ಚಿಕೊಂಡಿತು. "ಕೇಳಿಸ್ತಾ? ಘಾಟು ತಡೀಲಾರ್ದೆ ಫ್ಯಾನ್ ಹಾಕಿದ್ರೆ ಮುಖಕ್ಕೇ ಬಾಗಿಲು ಬಡೀತಾಳೆ ಮಹಾರಾಯ್ತಿ! ಇವತ್ತೇ ನಿನ್ನ ಮನೆಗೆ ಬಂದ್ಬಿಡ್ತೀನಿ," ಎಂದರು ಫೋನಿನಲ್ಲಿದ್ದ ಮಗಳಿಗೆ.

"ಯಾರತ್ತೆ ಬಡಿದಿದ್ದು?" ಮಹಡಿಯಿಂದ ಒಣಗಿದ ಬಟ್ಟೆ ತಂದ ಸೊಸೆ ಬೆನ್ನ ಹಿಂದೆಯೇ ನಿಂತಿದ್ದಳು. ಅತ್ತೆ ಸರ್ರನೆ ತಿರುಗಿ ನೋಡಿದರು. ಹಾಗಾದರೆ ಒಳಗಿರುವುದು ಯಾರು?

ಇಬ್ಬರೂ ಬಾಗಿಲು ಎಳೆದರು. ಒಳಗಿನಿಂದ ಯಾರೋ ಹಿಡಿದುಕೊಂಡಷ್ಟು ಬಿಗಿ. ಸೊಸೆಯ ತೋಳಿನಿಂದ ಜಾರಿದ ಕರವಸ್ತ್ರ ಬಾಗಿಲಡಿಯ ಸಂದಿಗೆ ತಾನಾಗಿ ಸರಿದುಹೋಯಿತು. ಅದನ್ನೇ ದಿಟ್ಟಿಸಿದ ಸೊಸೆ ಸ್ವಿಚ್ ಆರಿಸಿದಳು. ಬಾಗಿಲು ಸಡಿಲಾಯಿತು. ಒಳಗೆ ಯಾರೂ ಇರಲಿಲ್ಲ; ಕಿಟಕಿ ಮುಚ್ಚಿತ್ತು.

"ಫ್ಯಾನು ಒಳಗಿನ ಗಾಳೀನ ಆಚೆ ದಬ್ಬುತ್ತೆ ಅತ್ತೆ. ಕಿಟಕಿ ಮುಚ್ಚಿದ್ರೆ ಒಳಗೆ ಒತ್ತಡ ಕಮ್ಮಿ ಆಗುತ್ತಲ್ಲ, ಹಜಾರದ ಗಾಳಿ ಬಾಗಿಲನ್ನೂ ತಳ್ಕೊಂಡು ನುಗ್ಗುತ್ತೆ."

"ನಾನು ನೀನೇ ಅಂದ್ಕೊಂಡಿದ್ದೆ ಕಣೆ."

"ನಾನೂ ಅಷ್ಟೆ. ಒಳಗಿದ್ದಾಗೆಲ್ಲ, ನನ್ನ ಮೇಲಿನ ಸಿಟ್ಟಿಗೆ ನೀವೇ ಬಡೀತೀರಿ ಅಂದ್ಕೋತಿದ್ದೆ."

"ಅಮ್ಮಾ, ಕಾರು ಕಳಿಸ್ಲಾ?" ಫೋನಿನಲ್ಲಿ ಮಗಳು ಕೇಳುತ್ತಲೇ ಇದ್ದಳು.

"ಈಗ ಬೇಡ, ಇಡು," ಎಂದ ಅತ್ತೆ, ಸೊಸೆಯ ತೋಳ ಮೇಲಿದ್ದ ಬಟ್ಟೆಗಳಲ್ಲಿ ಅರ್ಧ ತಾವು ತೆಗೆದುಕೊಂಡು ಮಡಚತೊಡಗಿದರು.