ಕೆಂಪಿನವಳು

"ಅದೋ, ಬಲಗಡೆ ಆ ಕಚೇರಿ ತಾರಸಿ ಮೇಲೆ ನಿಂತು ನೀನು ಕೆಂಪು ಬಟ್ಟೆ ಬೀಸ್ತಿದ್ದೆ, ನೆನಪಿದೆಯೇನೇ?" ಎಂದ ಮುದುಕ, ಹಳೇ ಬಂದರಿನಲ್ಲಿ ಹಡಗು ನಿಲ್ಲುತ್ತಿದ್ದ ಧಕ್ಕೆಯ ಕಲ್ಲಿನ ಮೇಲೆ ಕೋಲೂರಿ.

ಮುದುಕಿ ಗಂಡನ ಮುಖ ನೋಡಿದಳು. "ಕೆಂಪಾ? ನನ್ನದು ನೀಲಿ ಶಾಲು ರೀ. ನಿಲ್ತಿದ್ದದ್ದು ಎಡಗಡೆ, ಈ ಹಗ್ಗದ ಗೋದಾಮಿನ ಮೇಲಿನ ಕಿಟಕೀಲಿ."

ಮುದುಕ ಇಪ್ಪತ್ತೆರಡು ವರ್ಷ ಹಡಗಿನ ಎಂಜಿನ್ ಮೇಸ್ತ್ರಿಯಾಗಿದ್ದವನು. ಹಡಗು ಬಂದರಿನ ಬಾಯಿಗೆ ಬಂತೆಂದರೆ ಸಾಕು, ಎಣ್ಣೆಗೈ ಒರೆಸಿಕೊಂಡು, ಕಪ್ತಾನನ ಬೈಗುಳಕ್ಕೂ ಜಗ್ಗದೆ ಮೇಲೆ ಓಡಿ ಬಂದು ಎರಡೂ ಕೈ ಬೀಸುತ್ತಿದ್ದ. ಇಳಿದ ಮೇಲೆ ಅವಳು "ನಾನು ಕಂಡೆನಾ?" ಅನ್ನುವಳು, ಇವನು "ಕಾಣದೆ ಏನು!" ಅನ್ನುವನು. ಮಾತು ಅಷ್ಟಕ್ಕೇ ಮುಗಿಯುತ್ತಿತ್ತು. ಬಂದರು ಮುಚ್ಚಿ, ಊರು ಬಿಟ್ಟು, ಹದಿನೈದು ವರ್ಷದ ಮೇಲೆ ಇವತ್ತೇ ನೋಡಲು ಬಂದದ್ದು.

"ಹಾಗಾದ್ರೆ ಆ ಕೆಂಪಿನವಳು ಯಾರು?" ಮುದುಕಿ ಹೆಗಲ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. "ಅಷ್ಟು ವರ್ಷ ನೀವು ಕೈ ಬೀಸಿದ್ದು ಅವಳಿಗೆ ಅಂತಾಯ್ತು."

"ಅಯ್ಯೋ, ನನಗೇನೇ ಗೊತ್ತು! ನೀನೇ ಅಂದ್ಕೊಂಡಿದ್ದೆ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾಗಲು ಇದ್ದವನು ಟಿಕೆಟಿನವನೊಬ್ಬನೇ. ಗೋದಾಮಿನಲ್ಲಿ ಈಗ ಹಳೇ ಹಡಗುಗಳ ಸಾಮಾನು ಜೋಡಿಸಿಟ್ಟು, ಅದರ ಬಾಗಿಲಿಗೆ ಅವನನ್ನು ಕೂರಿಸಿದ್ದರು. ಎಲ್ಲ ಕೇಳಿಸಿಕೊಂಡಿದ್ದವನು ಎದ್ದ. "ಸ್ವಲ್ಪ ಇರಿ ಅಮ್ಮಾ, ಅವಳನ್ನ ಈಗಲೇ ಕರೀತೀನಿ," ಎಂದು ಮಡಿಸಿದ ಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಯ ಮೆಟ್ಟಿಲು ಹತ್ತಿದ.

ತಾರಸಿಯ ಕಂಬದಲ್ಲಿ ಕೆಂಪು ಬಾವುಟ ಏರಿ, ಗಾಳಿಗೆ ಪಟಪಟ ಬಡಿಯಿತು.

"ಈ ಬಂದರಲ್ಲಿ ಹಡಗು ಒಳಗೆ ಬರಬಹುದು ಅಂತ ಏರಿಸ್ತಿದ್ದ ಬಾವುಟ ಇದು ಯಜಮಾನ್ರೇ," ಎಂದ ಇಳಿದು ಬಂದವನು. "ಏರಿಸ್ತಿದ್ದವನು ನಾನೇ. ಡೆಕ್ಕಿನವರಿಗೆಲ್ಲ ಗೊತ್ತಿತ್ತು. ಎಂಜಿನ್ ಕೋಣೆಯವರಿಗೆ ಯಾರು ಹೇಳ್ತಾರೆ, ಪಾಪ!"

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂದು ಕಂಬದ ಜೊತೆ ಸಂಸಾರ ಮಾಡಿದ್ರಲ್ಲ, ನಿಮ್ಮ ಬುದ್ಧಿಗಿಷ್ಟು!" ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. "ಅಂದ್ರೆ ನನ್ನನ್ನ ಒಂದು ಸಲವೂ ನೋಡ್ಲೇ ಇಲ್ಲ ನೀವು."

ಮುದುಕನಿಗೆ ಅದು ಎದೆಗೇ ನಾಟಿತು. "ಮಂಡಿ ನೋವು ಅಂತ ನೆವ ಹೇಳ್ಬೇಡ, ಹೋಗಿ ಆ ಕಿಟಕೀಲಿ ನಿಲ್ಲು," ಎಂದವನೇ ಧಕ್ಕೆಯ ತುದಿಗೆ ಹೊರಟೇಬಿಟ್ಟ.

ಅವಳು ಏದುಸಿರು ಬಿಡುತ್ತ ಗೋದಾಮಿನ ಮೆಟ್ಟಿಲು ಹತ್ತಿದಳು. ಹೆಗಲ ಮೇಲಿನ ಶಾಲು ತೆಗೆದು ಕಿಟಕಿಯಿಂದ ಆಚೆ ಬೀಸಿದಳು. ಆಮೇಲೆ ನೆನಪಾಯಿತು: ಅವನ ಕನ್ನಡಕ ತನ್ನ ಚೀಲದಲ್ಲೇ ಇದೆ.

ದೂರದಲ್ಲಿ ಮುದುಕ ಕೋಲು ಕೆಳಗೆ ಹಾಕಿ, ಕೆಂಪು ಬಾವುಟಕ್ಕೆ ಬೆನ್ನು ತಿರುಗಿಸಿ, ಎರಡೂ ಕೈ ಬೀಸುತ್ತಿದ್ದ.