ಟೆಂಪೋ ಮುಚ್ಚಿದ ಗುಡ್ಡ

“ಮೇಡಮ್ಮರ, ಇದೇನ್ರಿ ಇದು?” ಎಂದು ಹೆಡ್‌ಮಾಸ್ತರ ಶರಣಯ್ಯನವರು ಮಕ್ಕಳ ಚಿತ್ರಗಳ ಕಟ್ಟಿನಿಂದ ಒಂದು ಹಾಳೆ ಹಿರಿದು ಸುನಂದಾಳ ಮುಂದೆ ಹಿಡಿದರು. ಮರುದಿನ ಆ ಕಟ್ಟು ದೇವದುರ್ಗದ ಸ್ಪರ್ಧೆಗೆ ಹೋಗಬೇಕಿತ್ತು. ಸುನಂದಾಗೆ ಒಳಗೊಳಗೇ ಹಿಗ್ಗು. ಅದು ನಾಲ್ಕನೇ ತರಗತಿಯ ದುರುಗಮ್ಮ ಬರೆದದ್ದು. ಅಂಥದ್ದು ಇಡೀ ಕಟ್ಟಿನಲ್ಲಿ ಇನ್ನೊಂದಿರಲಿಲ್ಲ.

ಹಾಳೆಯ ನೆತ್ತಿಯ ಮೇಲೆ ‘ನಮ್ಮ ಶಾಲೆ’ ಎಂದು ಹೆಸರು. ಶಾಲೆಯೆಂದರೆ ಐದೂ ತರಗತಿಗೆ ಇದ್ದ ಒಂದೇ ಕೋಣೆ. ಜಮಖಾನದ ಮೇಲೆ ಹದಿಮೂರು ಮಕ್ಕಳು ಕೂತಿದ್ದವು, ನಡುನಡುವೆ ಜಾಗ ಖಾಲಿ. ಬಾಗಿಲಾಚೆ ರಸ್ತೆಯಲ್ಲಿ ಒಂದು ಟೆಂಪೋ ನಿಂತಿತ್ತು. ಅದರ ತುಂಬ ಕೊಡ, ಹಾಸಿಗೆಯ ಸುರುಳಿ, ಕಾಲು ಕಟ್ಟಿದ ಎರಡು ಕೋಳಿ. ಹಿಂದಿನ ಹಲಗೆಯ ಮೇಲಿಂದ ಹನ್ನೊಂದು ಮುಖಗಳು ಶಾಲೆಯ ಕಡೆ ನೋಡುತ್ತಿದ್ದವು. ದೀಪಾವಳಿ ಮುಗಿದ ವಾರವೇ ಕೂಲಿ ಹುಡುಕಿ ಹೊರಟ ಅಪ್ಪ-ಅವ್ವರ ಹಿಂದೆ ಪುಣೆಗೆ ಗುಳೆ ಹೋದ ಮಕ್ಕಳವು. ಹಲ್ಲು ಬಿದ್ದವನು ಯಾರು, ಮೆಳ್ಳಗಣ್ಣಿನವಳು ಯಾರು, ಹೆಸರು ಬರೆಯದಿದ್ದರೂ ಗುರುತು ಹತ್ತುತ್ತಿತ್ತು.

ಸುನಂದಾ ಈ ಶಾಲೆಗೆ ಬಂದ ಹೊಸತರಲ್ಲಿ, ಏನು ಬರೆಯಿರಿ ಎಂದರೂ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಮಗ್ಗುಲಿಗೊಂದು ತೆಂಗಿನಮರ ಬರೆದು ಕೈ ತೊಳೆದುಕೊಳ್ಳುತ್ತಿದ್ದವು. “ನಮ್ಮೂರಾಗ ತೆಂಗಿನಗಿಡ ಎಲ್ಲದ ಲೇ? ಕಣ್ಣಿಗೆ ಕಂಡದ್ದು ತಗೀರಿ” ಎಂದು ಆರು ತಿಂಗಳು ಅವರ ಬೆನ್ನು ಹತ್ತಿದ್ದಳು. ಅಷ್ಟರಲ್ಲಿ ಯಾರ ಕೈಗಾದರೂ ಕಣ್ಣು ಬಂದಿದ್ದರೆ ಅದು ದುರುಗಮ್ಮನ ಕೈಗೆ.

“ಹಾಜರಿ ಪುಸ್ತಕದಾಗ ನಾ ದಿನಾ ಇಪ್ಪತ್ನಾಕು ಬರೀತೀನಿ. ಈಕಿ ಹದಿಮೂರ ಕುಂದ್ರಿಸ್ಯಾಳ. ಉಳದವ್ರನ್ನ ಗಾಡಿ ಹತ್ತಿಸಿ ಕಳಿಸೇ ಬಿಟ್ಟಾಳ!” ಎಂದರು ಶರಣಯ್ಯ.

“ಚಿತ್ರ ಅಲ್ರಿ ಸರ, ಯಾರು ಎಣಸ್ತಾರ?”

“ಇಲಾಖೆ ಸಾಹೇಬ್ರು ಎಣಸಿದ್ರ? ಹದಿಮೂರು ಮಕ್ಕಳಿಗೆ ಇಬ್ಬರು ಮಾಸ್ತರು ಯಾಕಂದ್ರ ಮೊದ್ಲು ಮನಿಗೆ ಹೋಗೋರು ಯಾರು? ನಾನಂತೂ ಅಲ್ಲ. ಅತಿಥಿ ಶಿಕ್ಷಕಿ ನೀವು.” ಆಮೇಲೆ ದನಿ ಇಳಿಸಿದರು. “ಹೋದ ಕೂಸುಗಳು ತಿರುಗಿ ಬಂದಾಗ ಹೆಸರಾರ ಉಳದಿರ್ಲಿ ಅಂತ ಬರೀತೀನ್ರಿ ಯವ್ವಾ. ನಾ ಕಳ್ಳ ಅಲ್ಲ. ಚಿತ್ರ ಚಲೋ ಅದ, ಬಹುಮಾನ ಬರೂವಂಥದ್ದು. ಒಂದೀಟು ತಿದ್ದಸ್ರಿ, ಅಷ್ಟ.”

ಇದನ್ನು ಬಿಟ್ಟು ಬೇರೆಯವರದ್ದು ಕಳಿಸೋಣ ಎನ್ನುವ ಮಾತು ಸುನಂದಾಳ ನಾಲಿಗೆಯ ತುದಿಗೆ ಬಂದಿತ್ತು. ಬಹುಮಾನ ಬಂದರೆ ಮುಂದಿನ ವರ್ಷವೂ ತನ್ನನ್ನೇ ಕರೆದಾರು ಎಂಬ ಆಸೆ ಅದನ್ನು ನುಂಗಿಕೊಂಡಿತು.

“ದುರುಗವ್ವಾ, ಈ ಖಾಲಿ ಜಾಗದಾಗ ಎಲ್ಲಾರ್ನೂ ಕುಂದ್ರಿಸವ್ವ,” ಎಂದು ಸುನಂದಾ ಹಾಳೆಯನ್ನು ಹುಡುಗಿಯ ಮುಂದಿಟ್ಟಳು.

“ಅವ್ರು ಬಂದಿಲ್ಲಲ್ರಿ ಮೇಡಂ.”

“ಬಂದಾರಂತ ಕಲ್ಪನಾ ಮಾಡು.”

“ಕಂಡದ್ದು ತಗಿ ಅಂದಿದ್ರಿ?”

ಪಕ್ಕದಲ್ಲಿದ್ದ ಮಿನಾಜ್ ಕಿಸಕ್ಕನೆ ನಕ್ಕಳು. “ಹಂಗಾರ ನನ್ನ ತೆಂಗಿನಗಿಡ ಯಾಕ ಅಳಸಿಸಿದ್ರಿ ಮೇಡಂ?”

“ಬಾಯಿ ಮುಚ್ಕೊಂಡು ಕುಂದ್ರ ಬೇ!” ಎಂದಳು ಸುನಂದಾ. ತನ್ನ ದನಿ ಅಷ್ಟು ಜೋರಾಗಿದ್ದು ಅವಳಿಗೇ ಕಿವಿಗೆ ಬಡಿಯಿತು.

ದುರುಗಮ್ಮ ತಲೆ ಬಗ್ಗಿಸಿ ಹನ್ನೊಂದು ಮಕ್ಕಳನ್ನು ತುಂಬಿಸಿದಳು. ಹನ್ನೊಂದಕ್ಕೂ ಒಂದೇ ಮುಖ, ಒಂದು ಗುಂಡು, ಎರಡು ಚುಕ್ಕಿ. ಅಳಿಸೆಂದರೂ ಟೆಂಪೋವನ್ನು ಮಾತ್ರ ಮುಟ್ಟಲೊಲ್ಲಳು. ಕ್ರೆಯಾನ್ಸಿನ ತುಂಡನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತುಬಿಟ್ಟಳು. ಕೊನೆಗೆ ಸುನಂದಾಳೇ ಹಸಿರು ಬಣ್ಣ ತೆಗೆದುಕೊಂಡು ಟೆಂಪೋದ ಮೇಲೆ ಗಟ್ಟಿಯಾಗಿ ತಿಕ್ಕಿದಳು. ಕೊಡ ಹೋಯಿತು, ಕೋಳಿ ಹೋದವು, ಹಲಗೆಯ ಮೇಲಿನ ಮುಖಗಳು ಒಂದೊಂದಾಗಿ ಹೋದವು. ತಿಕ್ಕಿ ತಿಕ್ಕಿ ಅದೊಂದು ಗುಡ್ಡವಾಯಿತು. ಒಂದೇ ಗುಡ್ಡ ಚೆನ್ನಾಗಿ ಕಾಣಲಿಲ್ಲವೆಂದು ಮಗ್ಗುಲಿಗೆ ಇನ್ನೊಂದು ಬರೆದಳು. ನಡುವಿನ ಸಂದಿಗೆ ಏನು ಬರೆಯಬೇಕೆಂದು ಅವಳ ಕೈಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸೂರ್ಯ ಬಂದ.

ದೇವದುರ್ಗದಲ್ಲಿ ಮೊದಲ ಬಹುಮಾನ ಬಂತು. ಹಳ್ಳಿಯ ಶಾಲೆ ಹೀಗೆ ತುಂಬಿ ತುಳುಕಬೇಕು ಎಂದು ಸಾಹೇಬರು ಹೊಗಳಿದರಂತೆ. ಶರಣಯ್ಯನವರು ಚಿತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಕರಿಹಲಗೆಯ ಮಗ್ಗುಲಿಗೆ ತೂಗುಹಾಕಿದರು. ಅಂದಿನಿಂದ ದುರುಗಮ್ಮ ಬಾಗಿಲಿನ ಕಡೆ ಮುಖ ಮಾಡಿ ಕೂರತೊಡಗಿದಳು. ಹಾಳೆ ಕೊಟ್ಟರೆ ಮಡಚಿ ಪಾಟಿಚೀಲದಲ್ಲಿ ಇಟ್ಟುಕೊಳ್ಳುವಳು, ಬರೆಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಒಂದು ಸೋಮವಾರ ಶರಣಯ್ಯನವರು ಮೀಟಿಂಗಿಗೆಂದು ರಾಯಚೂರಿಗೆ ಹೋಗಿದ್ದರು. ಹೋಗುವ ಮುನ್ನ ಹಾಜರಿ ಪುಸ್ತಕವನ್ನು ಸುನಂದಾಳ ಕೈಗಿಟ್ಟು, “ನಾ ಬರದಂಗ ಬರೀರಿ” ಎಂದಿದ್ದರು. ಅವಳು ಒಂದೊಂದೇ ಹೆಸರು ಕೂಗುತ್ತ ಬಂದಳು. ಊರಲ್ಲಿಲ್ಲದವರ ಹೆಸರನ್ನು ಕೂಗದೆಯೇ ಬರೆದುಕೊಂಡಳು.

“ದುರುಗಮ್ಮ.”

ಮತ್ತೊಮ್ಮೆ ಕೂಗಿದಳು. ಜಮಖಾನದ ಮುಂದಿನ ಸಾಲಿನಲ್ಲಿ, ಮಿನಾಜಳ ಪಕ್ಕ, ಒಂದು ಜಾಗ ಖಾಲಿಯಿತ್ತು.

“ಹೊತ್ತು ಹುಟ್ಟೂದ್ರಾಗ ಅವರವ್ವನ ಕೂಡ ಗಾಡಿ ಹತ್ತಿದ್ಲ್ರಿ,” ಎಂದಳು ಮಿನಾಜ್. ಪುಸ್ತಕದ ಮೇಲೆ ಮೇಡಮ್ಮರ ಪೆನ್ನು ನಿಂತದ್ದು ನೋಡಿ, ಗೋಡೆಯ ಚೌಕಟ್ಟಿನ ಕಡೆ ಬೆರಳು ಮಾಡಿದಳು. “ಅಲ್ಲಿ ಕುಂತಾಳಲ್ರಿ ಮೇಡಂ, ನನ್ನ ಬಾಜೂಕ. ಹಾಕ್ರಿ ಹಾಜರಿ.”

ಯಾವ ಮಗುವೂ ನಗಲಿಲ್ಲ. ಸುನಂದಾ ಗೋಡೆಯ ಕಡೆ ತಲೆ ಎತ್ತಲಿಲ್ಲ. ಹಾಜರಿ ಹಾಕಿ, ಮುಂದಿನ ಹೆಸರು ಕೂಗಿದಳು.