ಮೈಕಿನ ಕಿವಿ

“ಅಕ್ಕಾ, ಚಕ್ಕುಲಿ ಕಡೀಬೇಡ. ಮೈಕು ಆನ್ ಇದೆ, ಲಾರಿ ಹೋದಂಗೆ ಕೇಳುತ್ತೆ.”

ಶಶಿಕಲಾ ಬಾಯಲ್ಲಿದ್ದ ತುಂಡನ್ನು ದವಡೆಗೆ ಒತ್ತರಿಸಿಕೊಂಡು ಸುಮ್ಮನಾದಳು. ಚಕ್ಕುಲಿ ಅವಳದ್ದೇ. ಕುಣಿಗಲ್ಲಿನ ತನ್ನ ಅಂಗಡಿಯಿಂದ ಡಬ್ಬಿ ತುಂಬಿಕೊಂಡು ಬೆಳಗಿನ ಬಸ್ಸಿಗೆ ತುಮಕೂರಿಗೆ ಬಂದಿದ್ದಳು. ಶೆಟ್ಟಿಹಳ್ಳಿಯ ತಮ್ಮನ ಮನೆ ಅವತ್ತು ಬಾಣಂತಿ ಕೋಣೆಯ ಹಾಗಿತ್ತು: ಹೊರಗಿನ ಸದ್ದು ಬಾರದಿರಲೆಂದು ಕಿಟಕಿಗಳಿಗೆಲ್ಲ ಕಂಬಳಿ, ಫ್ಯಾನು ಬಂದ್, ಊಟದ ಮೇಜಿನ ಮೇಲೆ ಮಡಿಸಿದ ಟವೆಲ್ಲು, ಅದರ ಮೇಲೆ ಕೂಸಿನಂತೆ ಮೈಕು. ಅಂತರಸನಹಳ್ಳಿಯ ಕಾರ್ಖಾನೆಗೆ ರಜೆ ಹಾಕಿ ಅಂಜನ್‌ಕುಮಾರ್ ಪಾಡ್‌ಕ್ಯಾಸ್ಟ್ ಶುರುಮಾಡಲು ಕೂತಿದ್ದ. ಜಿಲ್ಲೆಯ ಸಣ್ಣಪುಟ್ಟ ವ್ಯಾಪಾರಸ್ಥರನ್ನು ಕೂರಿಸಿ ಮಾತಾಡಿಸುವ ಕಾರ್ಯಕ್ರಮ. ಮೊದಲ ಅತಿಥಿ ಅಕ್ಕ. ಎಲ್ಲವೂ ಇತ್ತು, ಹೆಸರೊಂದಿರಲಿಲ್ಲ.

“ತುಮಕೂರು ಟೈಕೂನ್ಸ್?” ಅಂದ, ಮೊಬೈಲ್ ನೋಡುತ್ತಾ.

“ಹಂಗಾದ್ರೆ ನಮ್ಮ ಗುಬ್ಬಿಯೋರು ಕೇಳ್ಬಾರ್ದಾ?” ಅಂದಳು ಹೆಂಡತಿ ಸುಶ್ಮಿತಾ.

“ಪ್ರಾಫಿಟ್ ಪವರ್?”

“ಟಾನಿಕ್ ಬಾಟ್ಲಿ ಮೇಲೆ ಬರ್ದಂಗಿದೆ ಕಣ್ರೀ.”

ಶಶಿಕಲಾಳ ನಾಲಿಗೆಯ ತುದಿಯಲ್ಲಿ ಒಂದು ಹೆಸರಿತ್ತು. ಬಸ್ಸಿನಲ್ಲಿ ಬರುವಾಗಲೇ ಹುಟ್ಟಿದ್ದು. ಆದರೆ ಯಾರೂ ಕೇಳದೆ ಹೇಗೆ ಹೇಳುವುದು? ತಮ್ಮನ ಮಗಳು ಹುಟ್ಟಿದಾಗಲೂ ಹೀಗೇ ಒಂದು ಹೆಸರನ್ನು ಎದೆಯಲ್ಲಿ ಸಾಕಿಕೊಂಡು ಬಂದಿದ್ದಳು. ತೊಟ್ಟಿಲ ಮಗುವಿಗೆ ಹೆಸರು ಕರೆಯುವವಳು ಸೋದರತ್ತೆಯೇ ತಾನೆ? ಇನ್ನೇನು ಕಿವಿಗೆ ಬಗ್ಗಬೇಕು, ಅಂಜನ್ ಮೊಬೈಲನ್ನು ಮುಂದೆ ಹಿಡಿದಿದ್ದ. “ಇದನ್ನ ಹೇಳಕ್ಕಾ, ಆ್ಯಪಲ್ಲಿ ಸಿಕ್ತು.” ನೋಡಿಕೊಂಡು ಹೇಳಿದ್ದಳು. ಮಗು ಭೂಮಿಕಾ ಆಯಿತು, ಹೆಸರೂ ಚೆಂದವೇ. ಅವಳದ್ದು ಮಾತ್ರ ಒಳಗೇ ಉಳಿಯಿತು. ಇವತ್ತೂ ತಮ್ಮನ ಕೈಯಲ್ಲಿ ಅದೇ ಮೊಬೈಲು.

“ಹೆಸರು ಆಮೇಲೆ ನೋಡಣ. ಅಕ್ಕಾ, ನಿನ್ನ ಬಿಸಿನೆಸ್ ಹೆಂಗೆ ಶುರುವಾಯ್ತು ಹೇಳು. ಟೆಸ್ಟಿಂಗು.”

ಶಶಿಕಲಾ ದವಡೆಯ ತುಂಡನ್ನು ಹಾಗೇ ನುಂಗಿಕೊಂಡಳು. “ಪೂಜೆ ಮಾಡಿ ಬಾಗ್ಲು ತೆಗೆದ್ರೆ ಶುರುವಾದಂಗೇನ್ಲಾ? ಅವತ್ತು ಬೆಳಗ್ಗಿಂದ ಕುಂತಿದೀನಿ. ಬಂದೋರೆಲ್ಲ ಪ್ರಸಾದ ತಿಂದು, ಒಳ್ಳೇದಾಗ್ಲಿ ಅಂತ ಹೋದ್ರು. ಒಬ್ರೂ ಏನೂ ಕೊಳ್ಳಿಲ್ಲ. ದೀಪ ಹಚ್ಚೋ ಹೊತ್ಗೆ ಎದುರುಗಡೆ ಸೊಪ್ಪು ಮಾರೋ ಹನುಮಕ್ಕ ಬಂದು, ಒಂದು ಪ್ಯಾಕೆಟ್ ಕೊಡು ಅಂದ್ಲು. ಸುಮ್ನೆ ತಗೊಂಡೋಗಕ್ಕಾ ಅಂದೆ. ಬೈದ್ಬುಟ್ಲು! ‘ಬೋಣೀನ ಯಾರಾದ್ರೂ ಸುಮ್ನೆ ಕೊಡ್ತಾರೇನೇ? ಕಾಸಿಸ್ಕೊ, ಕಣ್ಗೊತ್ಕೊ, ಗಲ್ಲಾಪೆಟ್ಗೆಗಾಕು’ ಅಂತ. ಆಯಮ್ಮನ ಬಾಯಲ್ಲಿ ಒಂದು ಹಲ್ಲೂ ಇರ್ಲಿಲ್ಲ ಕಣೋ, ಚಕ್ಕುಲಿ ತಿನ್ನಕ್ಕೆ!”

ನಗಲು ಬಾಯಿ ತೆರೆದ ಸುಶ್ಮಿತಾ ನಗಲಿಲ್ಲ. ಅಂಜನ್ ಮೊಬೈಲನ್ನು ಮೆಲ್ಲಗೆ ಕವುಚಿ ಇಟ್ಟ. “ಅಂಗಡಿ ಇಟ್ಟೋರಿಗೆಲ್ಲ ಒಬ್ಳು ಹನುಮಕ್ಕ ಇದ್ದೇ ಇರ್ತಾಳಲ್ವಾ?” ಅಂದ. ಆಮೇಲೆ ಅಕ್ಕನ ಮುಖವನ್ನು ಸರಿಯಾಗಿ ನೋಡಿ, “ಇದು ನನ್ನ ಎರಡನೇ ಕೂಸು ಕಣಕ್ಕಾ. ಸೋದರತ್ತೆ ನೀನು. ಏನು ಹೆಸರಿಡ್ತೀಯ, ಹೇಳು” ಅಂದ.

“ನಿನ್ನ ಆ್ಯಪು?”

“ಬುಡು ಅತ್ಲಾಗೆ.”

ಶಶಿಕಲಾ ಎದ್ದು ಸೆರಗು ಸರಿಮಾಡಿಕೊಂಡಳು. ಟವೆಲ್ಲಿನ ಮೇಲಿದ್ದ ಮೈಕಿಗೆ ಬಗ್ಗಿ, ಅಂಗೈ ಮರೆಮಾಡಿ, ಎಳೆಗೂಸು ಬೆಚ್ಚದಷ್ಟು ಮೆತ್ತಗೆ ಉಸುರಿದಳು. “ಬೋಣಿ. ಬೋಣಿ. ಬೋಣಿ.”

ಹೆಸರು ಕರೆದ ಸೋದರತ್ತೆಯನ್ನು ಹಾಗೇ ಬಿಡುವುದುಂಟೆ? ಪದ್ಧತಿ ಪದ್ಧತಿಯೇ. ಸುಶ್ಮಿತಾ ಹಿಂದಿನಿಂದ ಬಂದು ಅವಳ ಬೆನ್ನಿಗೆ ಧಬ್ಬನೆ ಗುದ್ದಿದಳು.

ಇವತ್ತಿಗೂ ಆ ಪಾಡ್‌ಕ್ಯಾಸ್ಟಿಗೆ ಬೇರೆ ಸಂಗೀತವಿಲ್ಲ. ಮೊದಲು ಮೂರು ಪಿಸುಮಾತು, ಒಂದು ಗುದ್ದು, “ಅಯ್ಯಯ್ಯೋ, ಮೆತ್ತಗೆ ಕಣೇ!” ಅನ್ನುವ ನಗು. ಅದರ ಹಿಂದೆಯೇ, ಲಾರಿ ಹೋದಂತೆ, ಯಾರೋ ನೆಮ್ಮದಿಯಾಗಿ ಚಕ್ಕುಲಿ ಕಡಿದ ಸದ್ದು.